ಸುಕ್ಕಿಗೆ ಕಾರಣ ವಯಸ್ಸೊಂದೇ ಅಲ್ಲ

ಮುಖದ ಮೇಲೆ ಮೂಡುವ ಸುಕ್ಕುಗಳೆಲ್ಲ ಮುಪ್ಪಿನ ಕುರುಹುಗಳೆಂಬುದು ಲೋಕದ ನಂಬಿಕೆ. ಆದರೆ ಒಂದೇ ಮುಖದಲ್ಲಿ ಒಂದು ಕೆನ್ನೆ ಇನ್ನೊಂದಕ್ಕಿಂತ ಬಹು ಮುದಿಯಾಗಿ ಕಂಡರೆ ಏನು ಹೇಳಬೇಕು? ಅಂತಹ ಪ್ರಸಂಗವೊಂದನ್ನು ಅಮೆರಿಕದ ವೈದ್ಯರು 2012ರಲ್ಲಿ ಪ್ರಕಟಿಸಿದರು. 28 ವರ್ಷ ಸರಕಿನ ಲಾರಿ ನಡೆಸಿದ, 69 ವಯಸ್ಸಿನ ಚಾಲಕನೊಬ್ಬನ ಮುಖದ ಎಡಭಾಗದ ಚರ್ಮ ದಪ್ಪಗಟ್ಟಿ, ಆಳವಾದ ನೆರಿಗೆಗಳಿಂದ ತುಂಬಿತ್ತು. ಆ ದೇಶದಲ್ಲಿ ಚಾಲಕನ ಆಸನವಿರುವುದು ಎಡಗಡೆ. ಪಕ್ಕದ ಗಾಜನ್ನು ಹಾದು ಬಂದ ಬಿಸಿಲು ಆ ಕೆನ್ನೆಯ ಮೇಲೆಯೇ ಬೀಳುತ್ತಿತ್ತು. ಎರಡು ಕೆನ್ನೆಗಳಿಗೂ ವಯಸ್ಸು ಒಂದೇ, ಭೇದವಿದ್ದುದು ಬಿಸಿಲಿನಲ್ಲಿ.

ಬಿಸಿಲಿನೊಡನೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಭೂಮಿಗೆ ಬರುತ್ತವೆ. 1801ರಲ್ಲಿ ಜರ್ಮನಿಯ ವಿಜ್ಞಾನಿ ರಿಟ್ಟರ್ ಇವುಗಳ ಇರವನ್ನು ಕಂಡುಹಿಡಿದನು. ಇವುಗಳಲ್ಲಿ 'ಬಿ' ಎಂಬ ವರ್ಗವು ಬಹುಮಟ್ಟಿಗೆ ಹೊರಚರ್ಮದಲ್ಲಿಯೇ ತಡೆಯಲ್ಪಟ್ಟು, ಅದನ್ನು ಸುಡುತ್ತದೆ. ಉದ್ದನೆಯ ಅಲೆಗಳ 'ಎ' ವರ್ಗವಾದರೋ ಸಾಧಾರಣ ಗಾಜನ್ನೂ ದಾಟಿ ಒಳಚರ್ಮದವರೆಗೆ ಇಳಿಯುತ್ತದೆ.

ಒಳಚರ್ಮಕ್ಕೆ ಬಿಗಿಯನ್ನು ಕೊಡುವುದು ಕೊಲಾಜೆನ್ ಎಂಬ ಪ್ರೋಟೀನು. ಎಳೆದರೆ ಮತ್ತೆ ಮೊದಲಿನ ಸ್ಥಿತಿಗೆ ಬರುವ ಗುಣವನ್ನು ಕೊಡುವುದು ಇಲಾಸ್ಟಿನ್. ಕಿರಣಗಳು ತಗುಲಿದಾಗ ಜೀವಕೋಶಗಳಲ್ಲಿ ಉಗ್ರವಾದ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಇವುಗಳಿಂದ ಕೆರಳಿದ ಜೀವಕೋಶಗಳು ಕೊಲಾಜೆನ್ನನ್ನು ಕತ್ತರಿಸುವ ಕಿಣ್ವಗಳನ್ನು ತಾವೇ ತಯಾರಿಸತೊಡಗುತ್ತವೆ. ಚರ್ಮವನ್ನು ಕೆಂಪಾಗಿಸಲು ಸಾಲದಷ್ಟು ಅಲ್ಪ ಪ್ರಮಾಣದ ಕಿರಣವೂ ಕೆಲವೇ ಗಂಟೆಗಳಲ್ಲಿ ಈ ಕಿಣ್ವಗಳನ್ನು ಹೆಚ್ಚಿಸುವುದೆಂದು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ತೋರಿಸಿದರು. ಅತ್ತ ಹೊಸ ಕೊಲಾಜೆನ್ನಿನ ಉತ್ಪತ್ತಿಯೂ ಕುಗ್ಗುತ್ತದೆ. ಕಡಿದುಹೋದ ಎಳೆಗಳನ್ನು ದೇಹವು ದುರಸ್ತಿ ಮಾಡುತ್ತದೆಯಾದರೂ ಆ ದುರಸ್ತಿ ಪೂರ್ಣವಾಗುವುದಿಲ್ಲ. ಪ್ರತಿಸಲವೂ ಉಳಿಯುವ ಸಣ್ಣ ಕೊರತೆ, ಬ್ಯಾಂಕಿನ ಸಾಲಕ್ಕೆ ಚಕ್ರಬಡ್ಡಿ ಸೇರುವಂತೆ, ವರ್ಷಗಳುದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ಕೆಟ್ಟ ಇಲಾಸ್ಟಿನ್ ಗಂಟುಗಂಟಾಗಿ ಶೇಖರಗೊಂಡು ಚರ್ಮವನ್ನು ಒರಟಾಗಿಸುತ್ತದೆ.

ಭಾರತೀಯರ ಕಂದು ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ವರ್ಣದ್ರವ್ಯವು ಈ ಕಿರಣಗಳನ್ನು ಹೀರಿಕೊಂಡು ಗಣನೀಯವಾದ ರಕ್ಷಣೆಯನ್ನು ಕೊಡುತ್ತದೆ, ಪೂರ್ಣ ರಕ್ಷಣೆಯನ್ನಲ್ಲ. ಬಿಸಿಲನ್ನು ಪೂರ್ತಿಯಾಗಿ ತೊರೆಯುವುದೂ ತರವಲ್ಲ. ದೇಹಕ್ಕೆ ಬೇಕಾದ 'ಡಿ' ಜೀವಸತ್ವವು ಚರ್ಮದಲ್ಲಿ ಉಂಟಾಗುವುದು ಬಿಸಿಲಿನಿಂದಲೇ. ಬಿಸಿಲಿನಲ್ಲಿಯೇ ದುಡಿದು ಬಾಳಬೇಕಾದ ರೈತರಿಗೆ, ಕೂಲಿಗಾರರಿಗೆ, ಚಾಲಕರಿಗೆ ನೆರಳು ಸುಲಭವಾಗಿ ದೊರೆಯುವ ವಸ್ತುವೂ ಅಲ್ಲ. ಆದುದರಿಂದ ತಲೆಗೆ ಮುಂಡಾಸು, ಮೈತುಂಬ ಬಟ್ಟೆ, ಕೈಯಲ್ಲೊಂದು ಕೊಡೆ, ನಡುಹಗಲಿನ ವಿಶ್ರಾಂತಿ ಎಂಬ ಹಿರಿಯರ ರೂಢಿಗಳನ್ನು ಹಳೆಯ ಕಾಲದವೆಂದು ತಳ್ಳಿಹಾಕಲಾಗದು. ವಯಸ್ಸಿನಿಂದ ಬರುವ ಮುಪ್ಪನ್ನು ತಡೆಯುವುದು ಯಾರಿಂದಲೂ ಆಗದು. ಬಿಸಿಲಿನಿಂದ ಬರುವ ಪಾಲನ್ನು ಇಷ್ಟರಿಂದಲೇ ಬಹಳಷ್ಟು ತಗ್ಗಿಸಬಹುದು.