ಗೃಹಪಾಠದ ಗಣಿತವೂ ಮನೆಯ ಹಿರಿಯರೂ

ಸಂಜೆಯ ದೀಪ ಹಚ್ಚಿದೊಡನೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಅನೇಕ ಮನೆಗಳಲ್ಲಿ ಒಂದೇ ದೃಶ್ಯವು ಕಾಣುವದು. ಮಗುವು ಗಣಿತದ ಪುಸ್ತಕವನ್ನು ಹಿಡಿದು ತಂದೆಯ ಮುಂದೆ ನಿಲ್ಲುವದು. ದಿನದ ದುಡಿಮೆಯಿಂದ ದಣಿದ ತಂದೆಯು ಲೆಕ್ಕವನ್ನು ತಾನೇ ಬಿಡಿಸಿ ಕೊಡುವನು, ಇಲ್ಲವೆ 'ನನಗೆ ಬಾರದು' ಎಂದು ಗದರಿಸಿ ಕಳಿಸುವನು. ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಹಾನಿಕರವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಈ ಮಾತನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆನು. ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳು ದಿನಾಲು ಸಂಜೆ ನನ್ನಲ್ಲಿಗೆ ಬರುತ್ತಿದ್ದಳು. ತಾಯಿಯೊಡನೆ ಕಂಡಿಕೆ ಸುತ್ತಿ ಉಳಿದ ಹೊತ್ತಿನಲ್ಲಿ ಓದುವ ಮಗು. ಅವಳ ವೇಳೆ ಉಳಿಯಲೆಂದು ಕನಿಕರದಿಂದ ಲೆಕ್ಕಗಳನ್ನು ನಾನೇ ಬಿಡಿಸಿ ಕೊಡುತ್ತಿದ್ದೆನು. ಅವಳ ವಹಿಯು ನಿರ್ದೋಷವಾಗಿತ್ತು. ಆದರೆ ಪರೀಕ್ಷೆಯಲ್ಲಿ ಅಂಕೆಗಳು ಬದಲಾಗಿ ಬಂದವು. ಹುಡುಗಿ ಅನುತ್ತೀರ್ಣಳಾದಳು, ಮನೆಯವರು ಶಾಲೆಯನ್ನು ಬಿಡಿಸಿದರು. ನಾನು ಹೋಗಿ ಬೇಡಿಕೊಂಡರೂ ಅವಳು ಮರಳಿ ಬರಲಿಲ್ಲ. ಅಂದಿನಿಂದ ಯಾವ ಮಗುವಿಗೂ ನಾನು ಉತ್ತರವನ್ನು ಕೊಟ್ಟವನಲ್ಲ.

ಹಾಗಾದರೆ ಮಾಡತಕ್ಕದ್ದೇನು? ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಮುಧೋಳದ ರೈತನೊಬ್ಬನ ಆಯತಾಕಾರದ ಕಬ್ಬಿನ ಹೊಲದ ಸುತ್ತಳತೆ 200 ಮೀಟರು. ಉದ್ದವು ಅಗಲಕ್ಕಿಂತ 20 ಮೀಟರು ಹೆಚ್ಚು. ಅಗಲವೆಷ್ಟು?

ಮೊದಲು ಮಗುವಿನಿಂದ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ ಚಿತ್ರವನ್ನು ತೆಗೆಯಿಸಿರಿ. ಗೊತ್ತಿರುವದು ಯಾವದು, ಗೊತ್ತಿಲ್ಲದ್ದು ಯಾವದು ಎಂದು ಕೇಳಿರಿ. ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಡುವದೇ ಬೀಜಗಣಿತದ ಮೊದಲ ಮೆಟ್ಟಲು. ಸುಮಾರು 1150ರಲ್ಲಿ ಭಾಸ್ಕರಾಚಾರ್ಯರು ಅದನ್ನು 'ಯಾವತ್ತಾವತ್', ಎಂದರೆ 'ಎಷ್ಟೋ ಅಷ್ಟು' ಎಂದು ಕರೆದರು. ಇಂದಿನ ಮಗುವು 'ಎಕ್ಸ್' ಎನ್ನುವದು. ಹೆಸರು ಬೇರೆಯಾದರೂ ವಸ್ತುವು ಒಂದೇ.

ಅಗಲವು ಎಕ್ಸ್ ಆದರೆ ಉದ್ದವು ಎಕ್ಸ್ ಕೂಡಿಸು 20. ಇಲ್ಲಿ ಮಕ್ಕಳು ಅನೇಕ ವೇಳೆ ಒಂದೇ ಉದ್ದ, ಒಂದೇ ಅಗಲವನ್ನು ಕೂಡಿಸಿ, ಅದು 200ಕ್ಕೆ ಸಮವೆಂದು ಬರೆದು, ಅಗಲ 90 ಎಂಬ ಉತ್ತರವನ್ನು ತರುವರು. ತಪ್ಪೆಂದು ಕೂಗಬೇಡಿರಿ, 'ಬದುವಿನ ಮೇಲೆ ಒಂದು ಸುತ್ತು ನಡೆದು ಬಾ' ಎನ್ನಿರಿ. 90, 110, ಮತ್ತೆ 90, 110. ಒಟ್ಟು 400 ಆಯಿತೆಂದು ಮಗುವೇ ಕಂಡುಕೊಳ್ಳುವದು. ಆಗ ನಾಲ್ಕೂ ಬದಿಗಳನ್ನು ಕೂಡಿಸಿದರೆ ನಾಲ್ಕು ಎಕ್ಸ್, ಅದರೊಡನೆ 40, ಒಟ್ಟು 200. ಎಂದಮೇಲೆ ನಾಲ್ಕು ಎಕ್ಸ್ 160; ಅಗಲ 40, ಉದ್ದ 60. ತಾಳೆ ನೋಡಲು ಕಲಿತ ಮಗುವು ಪುಸ್ತಕದ ಕೊನೆಯ ಪುಟವನ್ನು ತಿರುವಬೇಕಾಗುವದಿಲ್ಲ.

ರೇಖಾಗಣಿತದಲ್ಲಿ ಎಡವುವ ಕಾರಣವೇ ಬೇರೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಭಾಗಗಳನ್ನು ಮಕ್ಕಳು ಬಾಯಿಪಾಠ ಮಾಡಿರುವರು. ಆದರೆ ಚಿತ್ರದಲ್ಲಿ ಲಂಬಕೋನದಂತೆ ಕಂಡದ್ದನ್ನು ಲಂಬಕೋನವೆಂದೇ ಬರೆದುಬಿಡುವರು. ಮನೆ ಕಟ್ಟುವ ಗೌಂಡಿಯು ಸಹ ಹೀಗೆ ಕಣ್ಣನ್ನು ನಂಬುವದಿಲ್ಲ. ಮೂಲೆಯಿಂದ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಅಳೆದು, ಆ ಎರಡು ತುದಿಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮಾತ್ರ ಮೂಲೆಯು ಸರಿಯೆನ್ನುವನು. 3ರ ವರ್ಗ 9, 4ರ ವರ್ಗ 16, ಕೂಡಿದರೆ 25. ಅದು 5ರ ವರ್ಗ. ಯಜ್ಞವೇದಿಕೆಗಳನ್ನು ಅಳೆಯುವ ಬೌಧಾಯನ ಶುಲ್ಬಸೂತ್ರದಲ್ಲಿಯೂ ಈ ತತ್ತ್ವವಿದೆ, 'ಶುಲ್ಬ'ವೆಂದರೆ ಹಗ್ಗವೇ. ಮಗುವಿನ ಕೈಗೆ ಒಂದು ಹಗ್ಗವನ್ನು ಕೊಟ್ಟು ಅಂಗಳದಲ್ಲಿ ಅಳೆಯಿಸಿರಿ.

ಇದಕ್ಕೆ ತಂದೆತಾಯಿಗಳು ಗಣಿತಜ್ಞರಾಗಬೇಕಾಗಿಲ್ಲ. ಏನು ಗೊತ್ತಿದೆ? ಏನು ಬೇಕು? ಬಂದ ಉತ್ತರವು ಸರಿಯೆಂದು ಹೇಗೆ ಹೇಳುವಿ? ಈ ಮೂರು ಪ್ರಶ್ನೆಗಳನ್ನು ಅಕ್ಷರ ಬಾರದ ತಾಯಿಯೂ ಕೇಳಬಲ್ಲಳು. ಕಂಡಿಕೆ ಸುತ್ತುತ್ತಿದ್ದ ಆ ತಾಯಿಗೆ ನಾನು ಅಂದು ಇಷ್ಟನ್ನೇ ಹೇಳಿಕೊಟ್ಟಿದ್ದರೆ, ಅವಳ ಮಗಳು ಇನ್ನಷ್ಟು ವರ್ಷ ಓದುತ್ತಿದ್ದಳೇನೋ.