ಗಣಕಯಂತ್ರದ ಕಾಲದಲ್ಲಿ ಗ್ರಂಥರಕ್ಷಣೆ

ತಾಳೆಯೋಲೆಯ ಗ್ರಂಥವನ್ನು ಪ್ರತಿಮಾಡಿದ ಲಿಪಿಕಾರನು, ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ಅದನ್ನು ಕಾಪಾಡಬೇಕೆಂದು ಕೊನೆಯಲ್ಲಿ ಓದುಗನನ್ನು ಬೇಡಿಕೊಳ್ಳುವ ವಾಡಿಕೆಯಿದ್ದಿತು. ಆದರೆ ಅನೇಕ ಗ್ರಂಥಗಳು ಉಳಿದುಬಂದುದು ಈ ಪ್ರಾರ್ಥನೆಯಿಂದಲ್ಲ. ಒಂದು ಮಠದ ಓಲೆ ನಶಿಸಿದರೂ ಮತ್ತೊಂದು ಮನೆಯಲ್ಲಿ ಅದರ ಪ್ರತಿಯಿದ್ದುದರಿಂದ. ಶಾಸನಪಾಠಗಳೂ ಪಾಠಾಂತರಗಳೂ ಗಣಕಯಂತ್ರವನ್ನು ಸೇರಿರುವ ಇಂದಿಗೂ ಈ ನ್ಯಾಯವೇ ಸಲ್ಲುತ್ತದೆ. ಅಲ್ಲಿ ಬರಹಕ್ಕೊದಗುವ ವಿಪತ್ತುಗಳು ಮುಖ್ಯವಾಗಿ ಮೂರು: ಕಳವು, ನಾಶ, ಓದಲಾಗದಿರುವಿಕೆ.

ಕಳವಿಗೆ, ಯಂತ್ರವನ್ನು ತೆರೆಯುವ ಗುಪ್ತಪದವೊಂದೇ ಪರಿಹಾರವಲ್ಲ. ಹಾರ್ಡ್ ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಕಳ್ಳನು ಎಲ್ಲವನ್ನೂ ಓದಬಲ್ಲನು. ಡಿಸ್ಕಿನಲ್ಲಿರುವುದೆಲ್ಲವನ್ನೂ ಗೂಢಲಿಪಿಗೆ ಮಾರ್ಪಡಿಸಿದ್ದರೆ ಅವನಿಗೆ ದೊರೆಯುವುದು ಬರಿಯ ಯಂತ್ರ. ಆ ಲಿಪಿಯನ್ನು ಬಿಡಿಸುವ ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದು ಬೇರೆಡೆ ಇರಿಸತಕ್ಕದ್ದು. ಅದು ಕಳೆದರೆ ಒಡೆಯನಿಗೂ ಬಾಗಿಲು ಮುಚ್ಚಿದಂತೆಯೇ. ಕದ್ದುದೆಂದು ತಿಳಿದೂ ದುರುದ್ದೇಶದಿಂದ ಗಣಕಯಂತ್ರವನ್ನು ಪಡೆದವನಿಗೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಬಿ ಪ್ರಕರಣದಂತೆ ಮೂರು ವರ್ಷಗಳವರೆಗೆ ಸೆರೆಯುಂಟು. ಆದರೆ ಶಿಕ್ಷೆಯಿಂದ ಬರಹವು ಹಿಂದಿರುಗದು.

ನಾಶದ ಪರಿ ಬೇರೆ. 2024ನೆಯ ಮಾರ್ಚ್ 11ರಂದು, ಮೆಣಸಿನಕಾಯಿಯ ಬೆಲೆ ಕುಸಿದುದರಿಂದ ರೊಚ್ಚಿಗೆದ್ದವರು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಕಚೇರಿಗೆ ನುಗ್ಗಿ ಹಾನಿಗೈದರು. ಆವರಣದ ವಾಹನಗಳು ಬೆಂಕಿಗೆ ಆಹುತಿಯಾದುವು. ಅಂತಹ ಗಳಿಗೆಯಲ್ಲಿ ಬೀಗವಾಗಲಿ ಗೂಢಲಿಪಿಯಾಗಲಿ ಬರಹವನ್ನು ಉಳಿಸಲಾರದು. ಬೇರೆ ಊರಿನಲ್ಲಿರುವ ಪ್ರತಿಯೇ ಉಳಿಸಬೇಕು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ರೈಲುದಾರಿಯ ಮೇಲಿರುವುವು. ಹಾವೇರಿಯ ಅಧ್ಯಾಪಕರು ಒಂದು ಪ್ರತಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ರಾಣೇಬೆನ್ನೂರಿನ ಮಿತ್ರರಲ್ಲಿಯೂ ಇರಿಸುವುದು ಕಷ್ಟವಲ್ಲ. ಆ ಪ್ರತಿಗಳೂ ಗೂಢಲಿಪಿಯಲ್ಲಿರಬೇಕು. ಪ್ರತಿ ತೆಗೆದೊಡನೆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಬೇಕು; ಜೋಡಿಸಿಯೇ ಇದ್ದರೆ ಸಿಡಿಲಿನ ಆಘಾತವಾಗಲಿ ವೈರಸ್ಸಾಗಲಿ ಎರಡನ್ನೂ ಒಟ್ಟಿಗೆ ಕೆಡಿಸಬಹುದು.

ಮೂರನೆಯ ವಿಪತ್ತು ಕನ್ನಡಿಗರಿಗೆ ಚಿರಪರಿಚಿತ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಬರೆದ ಕಡತವು, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೋರುವುದು. ಕಡತವು ಉಳಿದೂ ಗ್ರಂಥವು ಹೋದಂತಾಯಿತು. ಅಂತಹವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ತಪ್ಪಿರುವುವೇ ಎಂದು ಮೂಲದೊಡನೆ ಸಾಲುಸಾಲಾಗಿ ತಾಳೆನೋಡಬೇಕು. ಇದು ಗ್ರಂಥಸಂಪಾದಕರಿಗೆ ಹೊಸ ಕೆಲಸವಲ್ಲ.

ವರ್ಷಕ್ಕೊಮ್ಮೆಯಾದರೂ ಪ್ರತಿಗಳನ್ನು ತೆರೆದು ಓದಿನೋಡುವುದು ಅವಶ್ಯಕ. ಓಲೆಯ ಕಟ್ಟನ್ನು ಬಿಚ್ಚಿದವರಿಗೇ ಹುಳು ಹಿಡಿದುದು ಕಾಣುತ್ತಿದ್ದಿತು.