ಎಳೆಯುವ ಕೇಬಲ್, ತಿಳಿಸುವ ತಂತಿ

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಬರುವ ವಾಹನಗಳಲ್ಲಿ ಇಂದು ಎರಡು ತಲೆಮಾರಿನವು ಒಟ್ಟಿಗೆ ಓಡುತ್ತಿವೆ. ಕಾಯಿ ಹೇರಿದ ಮೊಪೆಡ್ಡಿನಲ್ಲಿ ಸವಾರನ ಕೈಗೂ ಎಂಜಿನ್ನಿಗೂ ನಡುವೆ ಉಕ್ಕಿನ ಕೇಬಲ್ ಇದೆ. ಹೊಸ ಕಾರು, ಲಾರಿಗಳಲ್ಲಿ ಕಾಲಿಗೂ ಎಂಜಿನ್ನಿಗೂ ನಡುವೆ ಇರುವುದು ವಿದ್ಯುತ್ ತಂತಿ ಮಾತ್ರ. ಈ ತಂತಿ ಕೈಕೊಟ್ಟರೆ ಗತಿಯೇನು ಎಂಬ ಅಂಜಿಕೆ ಸಹಜವೇ. ಎರಡು ಕ್ರಮಗಳನ್ನೂ ಅರಿತರೆ ಅದಕ್ಕೆ ಉತ್ತರ ಸಿಕ್ಕುತ್ತದೆ.

ಪೆಟ್ರೋಲ್ ಎಂಜಿನ್ನು ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಥ್ರಾಟ್ಲ್ ಎಂಬ ಪುಟ್ಟ ಕದವಿರುತ್ತದೆ. ಅದು ತೆರೆದಷ್ಟೂ ಗಾಳಿ ಹೆಚ್ಚು. ಗಾಳಿಗೆ ತಕ್ಕ ಪೆಟ್ರೋಲು. ಅದಕ್ಕೆ ತಕ್ಕ ಬಲ. ಹಳೆಯ ಡೀಸೆಲ್ ಲಾರಿಗಳಲ್ಲಿ ಪೆಡಲಿನಿಂದ ಹೊರಟ ಸರಳು ಅಥವಾ ಕೇಬಲ್ ಇಂಧನದ ಪಂಪಿಗೆ ಹೋಗಿ ಸೇರುತ್ತಿತ್ತು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಆಡುಗೋಡಿ ಕಾರ್ಖಾನೆ ಇಂಥ ಪಂಪುಗಳಿಗೆ ಹೆಸರಾಗಿತ್ತು.

ಕೇಬಲ್ಲಿನ ಕೆಲಸ ಬಾವಿಯ ಹಗ್ಗದ ಕೆಲಸದಂತೆ. ಕೈ ಎಳೆದಷ್ಟೂ ಕೊಡ ಮೇಲೆ ಬರುತ್ತದೆ, ನಡುವೆ ಕೇಳುವವರಿಲ್ಲ. ಅದರ ದೋಷಗಳೂ ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು: ದೂಳು ಸೇರಿ ಬಿಗಿಯುವುದು, ತುಕ್ಕು ಹಿಡಿಯುವುದು, ಎಳೆ ಎಳೆಯಾಗಿ ಹರಿಯುವುದು. ಹರಿದರೆ ರಸ್ತೆಬದಿಯ ಮೆಕ್ಯಾನಿಕ್ಕು ಹೊಸದನ್ನು ಹಾಕಿ ಕಳುಹಿಸುತ್ತಾನೆ.

ಹೊಸ ಕ್ರಮಕ್ಕೆ ತೋಟದ ಪಂಪ್‌ಸೆಟ್ಟಿನ ಹೋಲಿಕೆ ಕೊಡಬಹುದು. ಈಗ ಅನೇಕ ರೈತರು ಮನೆಯಿಂದಲೇ ಮೊಬೈಲಿನ ಮೂಲಕ ಮೋಟಾರು ಚಾಲೂ ಮಾಡುತ್ತಾರೆ. ಫೋನು ಮೋಟಾರನ್ನು ತಿರುಗಿಸುವುದಿಲ್ಲ. ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಸ್ಟಾರ್ಟರು ಮೂರು ಫೇಸೂ ಸರಿಯಾಗಿವೆಯೇ ಎಂದು ನೋಡಿಕೊಂಡು ಅನಂತರ ಓಡಿಸುತ್ತದೆ. ಕಾರಿನಲ್ಲಿಯೂ ಹೀಗೆಯೇ. ಎಷ್ಟು ತುಳಿದಿದ್ದೇವೆಂಬುದನ್ನು ಪೆಡಲಿನ ಸೆನ್ಸರ್ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅದು ಎಂಜಿನ್ನಿನ ವೇಗ, ಬಿಸಿ ಮೊದಲಾದವನ್ನು ಲೆಕ್ಕಹಾಕಿ, ಕದವನ್ನು ಇಷ್ಟು ತೆರೆಯೆಂದು ಪುಟ್ಟ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಹೊಸ ಡೀಸೆಲ್ ಎಂಜಿನ್ನಿನಲ್ಲಿ ಚಿಮ್ಮುವ ಇಂಧನವನ್ನೇ ಅಳೆಯುತ್ತದೆ. ಇಂಧನ ಪೋಲಾಗದಂತೆ, ಹೊಗೆ ಮಿತಿಯಲ್ಲಿರುವಂತೆ ನೋಡಿಕೊಳ್ಳಲು ಇದು ಅನುಕೂಲ. 2020ರ ಏಪ್ರಿಲ್ 1ರಂದು ದೇಶದಲ್ಲೆಲ್ಲ ಜಾರಿಗೆ ಬಂದ ಬಿ.ಎಸ್. 6 ನಿಯಮಗಳನ್ನು ಸಣ್ಣ ಬೈಕುಗಳು ಕೇಬಲ್ ಇಟ್ಟುಕೊಂಡೇ ಪಾಲಿಸಿವೆಯೆಂಬುದೂ ನಿಜ.

ಇನ್ನು ಅಂಜಿಕೆಯ ಮಾತು. ಪೆಡಲಿನಲ್ಲಿರುವುದು ಒಂದಲ್ಲ, ಎರಡು ಸೆನ್ಸರುಗಳು. ಎರಡರ ಸಾಕ್ಷಿಯೂ ಹೊಂದದಿದ್ದರೆ ಕಂಪ್ಯೂಟರು ಬಲವನ್ನು ತಗ್ಗಿಸಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಪುಟ್ಟ ಮೋಟಾರಿಗೆ ವಿದ್ಯುತ್ ನಿಂತರೆ ಸ್ಪ್ರಿಂಗು ಕದವನ್ನು ಸ್ವಲ್ಪವೇ ತೆರೆದ ಸ್ಥಿತಿಗೆ ತರುತ್ತದೆ. ಗಾಡಿ ಕುಂಟುತ್ತಲಾದರೂ ಗ್ಯಾರೇಜು ಸೇರಬಹುದು. ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತವೆಂಬ ದೂರು ಬಂದಾಗ ನಾಸಾ ಸಂಸ್ಥೆಯ ಎಂಜಿನಿಯರುಗಳು ಪರೀಕ್ಷಿಸಿದರು. 2011ರ ಫೆಬ್ರುವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅಪಾಯಕರ ಅತಿವೇಗಕ್ಕೆ ಇಲೆಕ್ಟ್ರಾನಿಕ್ ದೋಷ ಕಾರಣವೆಂದು ಕಂಡುಬರಲಿಲ್ಲ. ಗೊತ್ತಾಗಿದ್ದ ದೋಷಗಳು ಎರಡು: ನೆಲಹಾಸಿಗೆ ಸಿಕ್ಕಿಕೊಳ್ಳುವ ಪೆಡಲು, ಹಿಂದಕ್ಕೆ ಬಾರದೆ ನಿಲ್ಲುವ ಪೆಡಲು. ಎರಡೂ ಯಾಂತ್ರಿಕವಾದವೇ.

ಆದರೆ ನಷ್ಟವಿಲ್ಲವೆಂದಲ್ಲ. ಹೊಸ ಕ್ರಮದ ದೋಷ ಕಣ್ಣಿಗೆ ಕಾಣದು. ಸ್ಕ್ಯಾನರು ಬೇಕು, ಅದನ್ನು ಓದಬಲ್ಲವರು ಬೇಕು. ಬಿಡಿಭಾಗದ ಬೆಲೆಯೂ ಕೇಬಲ್ಲಿನದಲ್ಲ.

ಯಾವ ಗಾಡಿಯೇ ಆಗಲಿ, ಪೆಡಲಿನ ಕೆಳಗೆ ಚೀಲ, ಸಡಿಲವಾದ ನೆಲಹಾಸು ಇರಬಾರದು. ಎಚ್ಚರಿಕೆಯ ದೀಪವನ್ನು ಕಡೆಗಣಿಸಬಾರದು. ವೇಗ ಹಿಡಿತ ತಪ್ಪಿದರೆ ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಗಾಡಿಯನ್ನು ಬದಿಗೆ ನಿಲ್ಲಿಸಿದ ಮೇಲೆಯೇ ಎಂಜಿನ್ನನ್ನು ಆರಿಸಬೇಕು. ಇಷ್ಟನ್ನು ಮನೆಯಲ್ಲಿ ಗಾಡಿ ಓಡಿಸುವವರೆಲ್ಲರೂ ತಿಳಿದಿರುವುದು ಕ್ಷೇಮ.